ಗಣಕಯಂತ್ರ ತಪ್ಪು ಮಾಡದೆಂಬ ನಂಬಿಕೆ

“ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ” ಎಂಬ ಮಾತು ಇಂದಿನ ದಿನಮಾನಗಳಲ್ಲಿ ನಾಡಿನ ಮೂಲೆಮೂಲೆಯಲ್ಲಿಯೂ ಕೇಳಿಬರುತ್ತದೆ. ತಾಲೂಕು ಕಚೇರಿಯ ಕಿಟಕಿಯ ಮುಂದೆ ತನ್ನ ಹೊಲದ ಉತಾರವನ್ನು ಹಿಡಿದು ನಿಂತ ರೈತನು, ತಂದೆಯ ಹೆಸರು ತಪ್ಪಾಗಿ ಅಚ್ಚಾಗಿದೆಯೆಂದು ತೋರಿಸಿದರೆ ಅವನಿಗೆ ಮೊದಲು ದೊರೆಯುವ ಉತ್ತರ ಇದೇ. ಬ್ಯಾಂಕಿನಲ್ಲಿ ಸಾಲದ ಬಾಕಿಯ ಲೆಕ್ಕ ಕೇಳಿದವನಿಗೂ ಇದೇ ಉತ್ತರ. ವರ್ಷಗಟ್ಟಲೆ ಕೂಲಿ ಮಾಡಿ ಬೆರಳಿನ ಗೆರೆಗಳು ಸವೆದುಹೋದ ಮುದುಕಿಯ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರವು ಗುರುತಿಸದೆ ಹೋದಾಗ ಅಂಗಡಿಯವನು ಹೇಳುವುದೂ ಇದನ್ನೇ. ಈ ಮಾತನ್ನಾಡುವವನು ಸುಳ್ಳು ಹೇಳುತ್ತಿರುವುದಿಲ್ಲ; ಯಂತ್ರದಲ್ಲಿ ಹಾಗೆ ಬಂದಿರುವುದು ನಿಜವೇ. ಆದರೆ ಹಾಗೇಕೆ ಬಂದಿತು, ಹಾಗೆ ಬರುವಂತೆ ಬರೆದವರು ಯಾರು ಎಂಬ ಪ್ರಶ್ನೆಗಳು ಆ ಒಂದು ಮಾತಿನಿಂದಲೇ ಮುಚ್ಚಿಹೋಗುತ್ತವೆ.

ಹಿಂದಿನ ಕಾಲದಲ್ಲಿ ಶಾನುಭೋಗರ ಅಥವಾ ಕುಲಕರ್ಣಿಯವರ ಕಡತದ ಮೇಲೆ ಹಳ್ಳಿಗರಿಗೆ ಇಂತಹ ಭಕ್ತಿ ಇರಲಿಲ್ಲ. ಕಡತವನ್ನು ಬರೆದವನು ಮನುಷ್ಯ, ಅವನಿಗೆ ಬೇಕಾದವರೂ ಬೇಡವಾದವರೂ ಇರುತ್ತಾರೆ, ಕಣ್ಣು ಮಂಜಾದರೆ ಒಂದು ಸೊನ್ನೆ ಹೆಚ್ಚು ಬೀಳಬಹುದು ಎಂಬ ತಿಳಿವಳಿಕೆ ಅಕ್ಷರವರಿಯದವನಿಗೂ ಇತ್ತು. ಆದಕಾರಣ ಅವನು ಅನುಮಾನಿಸುತ್ತಿದ್ದನು, ನಾಲ್ಕು ಜನ ಹಿರಿಯರನ್ನು ಕೂಡಿಸಿ ಕೇಳುತ್ತಿದ್ದನು. ಅದೇ ಅಂಕಿಗಳು ಅಚ್ಚಿನ ಕಾಗದದ ಮೇಲೆ ಮೂಡಿದ ಕೂಡಲೇ ಅನುಮಾನವು ಅಳಿದು, ಕಾಗದವು ತಾನೇ ತನಗೆ ಸಾಕ್ಷಿಯಾಗಿ ನಿಂತುಬಿಡುತ್ತದೆ. ವಿದ್ಯಾವಂತರಲ್ಲಿ ಈ ನಂಬಿಕೆಯು ಕಡಮೆಯೆಂದು ತಿಳಿಯುವುದು ಸರಿಯಲ್ಲ. ಹಲವು ವೇಳೆ ಅವರಲ್ಲಿಯೇ ಅದು ಗಟ್ಟಿಯಾಗಿ ಬೇರೂರಿದೆ.

1980ರ ದಶಕದಲ್ಲಿ ಗಣಕಯಂತ್ರವನ್ನು ಬ್ಯಾಂಕುಗಳಿಗೆ ತರುವ ಮಾತು ಹೊರಟಾಗ ನೌಕರರ ಸಂಘಗಳು ಅದನ್ನು ವಿರೋಧಿಸಿದವು. ಯಂತ್ರವು ಅನ್ನವನ್ನು ಕಸಿದುಕೊಳ್ಳುತ್ತದೆಂಬುದು ಅಂದಿನ ಭಯ. ಇಂದು ಅದೇ ಯಂತ್ರವು ಅನ್ನ ಕೊಡುವ ದೇವತೆಯೆಂಬುದು ಮನೆಮನೆಯ ನಂಬಿಕೆ. ಭಯವೂ ಭಕ್ತಿಯೂ ಬೇರೆ ಬೇರೆಯಾಗಿ ತೋರಿದರೂ ಎರಡರಲ್ಲಿಯೂ ಒಂದು ಸಾಮ್ಯವುಂಟು. ಯಂತ್ರವು ಮನುಷ್ಯನಿಂದ ಬೇರ್ಪಟ್ಟ ಸ್ವತಂತ್ರ ಶಕ್ತಿಯೆಂದು ಎರಡೂ ಭಾವಿಸುತ್ತವೆ. ವಸ್ತುಸ್ಥಿತಿ ಹಾಗಿಲ್ಲ.

ಗಣಕಯಂತ್ರದಲ್ಲಿ ಯಂತ್ರಾಂಶ, ತಂತ್ರಾಂಶ ಎಂದು ಎರಡು ಭಾಗಗಳು. ಲೋಹ ಮತ್ತು ಸಿಲಿಕಾನಿನಿಂದಾದ, ಕೈಗೆ ತಾಕುವ ಭಾಗವು ಯಂತ್ರಾಂಶ. ತಂತ್ರಾಂಶವೆಂಬುದಾದರೋ ಮೂಲತಃ ಒಂದು ಬರಹ. ಕಟ್ಟುನಿಟ್ಟಾದ ವ್ಯಾಕರಣವುಳ್ಳ ಕೃತಕ ಭಾಷೆಯೊಂದರಲ್ಲಿ ಯಾರೋ ಕುಳಿತು, ಸಾಲಿನ ಕೆಳಗೆ ಸಾಲು ಬರೆದ ಆಜ್ಞೆಗಳ ಸರಮಾಲೆ ಅದು. ಬ್ಯಾಂಕಿನ ಬಡ್ಡಿಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ವರ್ಷಕ್ಕೆ 365 ದಿನವೆಂದು ಹಿಡಿಯಬೇಕೆ, ಅಧಿಕ ವರ್ಷದಲ್ಲಿ 366 ಎಂದು ಹಿಡಿಯಬೇಕೆ, ಕೊನೆಗೆ ಉಳಿಯುವ ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸಬೇಕೆ ಅಥವಾ ಬಿಟ್ಟುಬಿಡಬೇಕೆ, ಸಾಲಗಾರನು ರಜೆಯ ದಿನ ಹಣ ಕಟ್ಟಿದರೆ ಅದು ಯಾವ ದಿನದ ಲೆಕ್ಕಕ್ಕೆ ಸೇರಬೇಕು ಎಂಬುದನ್ನೆಲ್ಲ ಬರೆಯುವವನು ಮೊದಲೇ ನಿಶ್ಚಯಿಸಿ ನಮೂದಿಸಬೇಕು. ಅವನು ಮರೆತದ್ದನ್ನು ಯಂತ್ರವು ತಾನಾಗಿ ಊಹಿಸಿಕೊಳ್ಳುವುದಿಲ್ಲ. ಅವನ ಮನಸ್ಸಿನಲ್ಲಿದ್ದ ಅರ್ಥವನ್ನು ಅದು ಅರಿಯದು. ಅವನು ಬರೆದ ಅಕ್ಷರವನ್ನಷ್ಟೇ ಪಾಲಿಸುತ್ತದೆ. ತಪ್ಪಾಗಿ ಬರೆದಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ, ಸೆಕೆಂಡಿಗೆ ಕೋಟಿಗಟ್ಟಲೆ ಸಲ ಪಾಲಿಸುತ್ತದೆ. ಯಂತ್ರವು ಲೆಕ್ಕ ತಪ್ಪುವುದಿಲ್ಲವೆಂಬ ಮಾತಿನಲ್ಲಿ ಸತ್ಯಾಂಶವಿರುವುದು ಇಷ್ಟೇ.

ತಂತ್ರಾಂಶದ ದೋಷಕ್ಕೆ ಇಂಗ್ಲಿಷಿನವರು ‘ಬಗ್’, ಅಂದರೆ ಹುಳು ಎಂದು ಹೆಸರಿಟ್ಟಿದ್ದಾರೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಎಂಬ ಗಣಕದ ಒಳಗೆ ಪತಂಗವೊಂದು ಸಿಕ್ಕಿಬಿದ್ದುದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದ ಕಥೆ ಪ್ರಸಿದ್ಧವಾಗಿದೆ. ಆ ಶಬ್ದವು ಅದಕ್ಕೂ ಹಿಂದೆ ಎಡಿಸನ್ನನ ಕಾಲದಲ್ಲಿಯೇ ಬಳಕೆಯಲ್ಲಿತ್ತು. ಅದೇನೇ ಇರಲಿ, ಹೊರಗಿನಿಂದ ಹಾರಿಬಂದ ಹುಳು ಎಂಬ ಹೆಸರು ತಂತ್ರಾಂಶದ ಮಟ್ಟಿಗೆ ಹಿತಕರವಾದ ಹೆಸರಲ್ಲ. ದೋಷವು ಹೊರಗಿನಿಂದ ಬರುವುದಿಲ್ಲ, ಬರೆದವರ ಕೈಯಿಂದಲೇ ಒಳಗೆ ಸೇರಿರುತ್ತದೆ. ಪಾಪ, ಆ ಪತಂಗವು ಎಷ್ಟೋ ಜನರ ಹೊಣೆಯನ್ನು ಇಂದಿಗೂ ಹೊತ್ತು ನಿಂತಿದೆ.

ಯಂತ್ರ ತಪ್ಪು ಮಾಡದೆಂಬ ನಂಬಿಕೆಯು ಎಂತಹ ಅನಾಹುತಕ್ಕೆ ಎಡೆಮಾಡಬಲ್ಲದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ವೃತ್ತಾಂತವು ಜ್ವಲಂತ ನಿದರ್ಶನವಾಗಿದೆ. ಆ ದೇಶದಲ್ಲಿ ಊರೂರಿನ ಸಣ್ಣ ಅಂಚೆ ಕಚೇರಿಗಳನ್ನು ಗುತ್ತಿಗೆಯ ಮೇಲೆ ನಡೆಸುವ ಉಪ ಅಂಚೆಪಾಲಕರಿದ್ದಾರೆ. ಬಹುಮಂದಿ ಕಿರಾಣಿ ಅಂಗಡಿಯ ಒಂದು ಮಗ್ಗುಲಲ್ಲಿಯೇ ಅಂಚೆಯ ಕಟಾಂಜನವನ್ನಿಟ್ಟುಕೊಂಡು, ಪಿಂಚಣಿ ಹಂಚುತ್ತ, ಊರಿನ ಮುದುಕರ ಕಷ್ಟಸುಖ ವಿಚಾರಿಸುತ್ತ ಬಾಳುವವರು. 1999ರಿಂದ ಈ ಕಚೇರಿಗಳಿಗೆ ‘ಹೊರೈಜನ್’ ಎಂಬ ಲೆಕ್ಕಪತ್ರದ ಗಣಕ ವ್ಯವಸ್ಥೆಯನ್ನು ಅಳವಡಿಸಲಾಯಿತು. ಅದನ್ನು ಸಿದ್ಧಪಡಿಸಿದ್ದು ಫುಜಿತ್ಸು ಸಂಸ್ಥೆಯ ಒಡೆತನದಲ್ಲಿದ್ದ ಕಂಪನಿ. ಅಳವಡಿಸಿದ ಸ್ವಲ್ಪ ದಿನಗಳಲ್ಲಿಯೇ ಹಲವು ಕಡೆ ದಿನದ ಕೊನೆಯ ಲೆಕ್ಕದಲ್ಲಿ ಹಣ ಕಡಮೆ ಬೀಳತೊಡಗಿತು. ಪೆಟ್ಟಿಗೆಯಲ್ಲಿ ಇರಬೇಕೆಂದು ಯಂತ್ರ ಹೇಳುವ ಮೊತ್ತಕ್ಕೂ ನಿಜವಾಗಿ ಇರುವ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ನಷ್ಟವನ್ನು ಅಂಚೆಪಾಲಕರೇ ತುಂಬಿಕೊಡಬೇಕೆಂದು ಅಧಿಕಾರಿಗಳು ಕರಾರನ್ನು ತೋರಿಸಿದರು. ಕೆಲವರು ಉಳಿತಾಯವನ್ನು ಸುರಿದರು, ಕೆಲವರು ಮನೆಯನ್ನು ಅಡವಿಟ್ಟರು. ಸಹಾಯಕ್ಕೆಂದು ದೂರವಾಣಿ ಮಾಡಿದ ಅನೇಕರಿಗೆ, ಇಂತಹ ತೊಂದರೆ ನಿಮ್ಮೊಬ್ಬರಿಗೇ ಬಂದಿದೆ ಎಂಬ ಉತ್ತರ ಸಿಕ್ಕಿತು. ಅದೇ ಉತ್ತರವನ್ನು ನೂರಾರು ಜನರಿಗೆ ಕೊಡಲಾಗಿತ್ತೆಂಬುದು ಅವರೆಲ್ಲ ಒಂದೆಡೆ ಸೇರಿದ ಮೇಲೆಯೇ ತಿಳಿದದ್ದು.

1999ರಿಂದ 2015ರವರೆಗೆ ಕಳ್ಳತನ, ಮೋಸ, ಸುಳ್ಳು ಲೆಕ್ಕ ಎಂಬ ಆಪಾದನೆಗಳ ಮೇಲೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಬ್ರಿಟನ್ನಿಗೆ ಹೋಗಿ ನೆಲೆಸಿದ ಭಾರತೀಯ ಮೂಲದವರೂ ಕೆಲವರಿದ್ದರು. ಅಂತಹ ಒಬ್ಬ ಹೆಣ್ಣುಮಗಳು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಸೆರೆಮನೆಗೆ ಹೋಗಬೇಕಾಯಿತು. ನೆರೆಹೊರೆಯವರು ಕಳ್ಳರೆಂದು ಮುಖ ತಿರುಗಿಸಿದರು, ಸಂಸಾರಗಳು ಒಡೆದವು. ಈ ಪ್ರಕರಣದ ಬಗೆಗೆ ನೇಮಿಸಲ್ಪಟ್ಟ ವಿಚಾರಣಾ ಆಯೋಗವು 2025ರ ಜುಲೈಯಲ್ಲಿ ಪ್ರಕಟಿಸಿದ ಮೊದಲ ಸಂಪುಟದಲ್ಲಿ, ಇದೇ ಕಾರಣದಿಂದ 13 ಜನರು ಪ್ರಾಣ ಕಳೆದುಕೊಂಡಿರುವ ಸಂಭವವಿದೆಯೆಂದು ಹೇಳಿದೆ.

ದೋಷದ ಸ್ವರೂಪ ಎಂತಹುದಿತ್ತೆಂಬುದನ್ನು ತಿಳಿಯಲು ಒಂದು ಉದಾಹರಣೆ ಸಾಕು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಎಂಬಲ್ಲಿ 8,000 ಪೌಂಡುಗಳ ನಗದನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದನ್ನು ನಮೂದಿಸಬೇಕಿತ್ತು. ಗುಂಡಿಯನ್ನೊತ್ತಿದರೂ ಪರದೆಯ ಮೇಲಿನ ಚಿತ್ರ ಬದಲಾಗಲಿಲ್ಲ. ಯಾರೇ ಆಗಲಿ ಮಾಡುವಂತೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಲಾಯಿತು. ಒಂದೊಂದು ಒತ್ತಿಗೂ ಯಂತ್ರವು ಹೊಸದಾಗಿ 8,000 ಪೌಂಡು ಬಂದಿತೆಂದು ಬರೆದುಕೊಂಡಿತು. ನಾಲ್ಕು ಸಲ ಬರೆದುಕೊಂಡದ್ದರಿಂದ, ಎಂದೂ ಇಲ್ಲದ 24,000 ಪೌಂಡು ಆ ಕಚೇರಿಯ ತಲೆಯ ಮೇಲೆ ಬಾಕಿಯಾಗಿ ನಿಂತಿತು. ಇದರಲ್ಲಿ ಗಹನವಾದ ವಿಜ್ಞಾನವೇನೂ ಇಲ್ಲ. ಕಿರಾಣಿ ಅಂಗಡಿಯ ಹುಡುಗನು ಒಂದೇ ಚೀಟಿಯನ್ನು ನಾಲ್ಕು ಸಲ ಖಾತೆಗೆ ಏರಿಸಿದಂತೆ. ಹುಡುಗನಾದರೆ ಯಜಮಾನನು ಕಿವಿ ಹಿಂಡಿ ಕೇಳುತ್ತಿದ್ದನು.

ಇನ್ನೊಂದು ಸಂಗತಿಯು ತಂತ್ರಾಂಶದ ಉದ್ಯೋಗಕ್ಕೆ ಹೋಗಬಯಸುವ ವಿದ್ಯಾರ್ಥಿಗಳು ಮನಸ್ಸಿಟ್ಟು ಓದಬೇಕಾದುದು. ಲೆಕ್ಕಪತ್ರದ ಮುಖ್ಯ ಭಾಗದ ಬರವಣಿಗೆಯು ಕಳಪೆಯಾಗಿದೆಯೆಂದೂ ಅದನ್ನು ಮತ್ತೆ ಬರೆಯುವುದು ಒಳಿತೆಂದೂ 1998ರಲ್ಲಿಯೇ, ಅಂದರೆ ವ್ಯವಸ್ಥೆಯು ಊರೂರಿಗೆ ಹೋಗುವ ಮುನ್ನವೇ, ಕಂಪನಿಯ ಒಳಗಿನವರೇ ವರದಿ ಬರೆದಿದ್ದರು. ಮತ್ತೆ ಬರೆಯಲಿಲ್ಲ, ತೇಪೆ ಹಾಕುತ್ತ ಸಾಗಲಾಯಿತು. ದೂರದ ಕಚೇರಿಯಲ್ಲಿ ಕುಳಿತ ತಂತ್ರಜ್ಞರು ಅಂಚೆಪಾಲಕರ ಲೆಕ್ಕವನ್ನು ಅವರಿಗೆ ತಿಳಿಯದಂತೆಯೇ ಮುಟ್ಟಬಲ್ಲವರಾಗಿದ್ದರು. ಹಾಗೆ ಮುಟ್ಟಲು ಸಾಧ್ಯವೇ ಇಲ್ಲವೆಂದು ಅಂಚೆ ಸಂಸ್ಥೆಯು ವರ್ಷಗಟ್ಟಲೆ ಸಾಧಿಸಿತು. ಅರಿತವರು ಒಳಗಿದ್ದರು, ಅನುಭವಿಸುವವರು ಹೊರಗಿದ್ದರು. ನಡುವೆ ಇದ್ದದ್ದು ಯಂತ್ರ ತಪ್ಪು ಮಾಡದೆಂಬ ಒಂದು ವಾಕ್ಯ ಮಾತ್ರ.

ಆ ವಾಕ್ಯವು ನ್ಯಾಯಾಲಯದೊಳಕ್ಕೂ ಹೊಕ್ಕಿತ್ತು. ಇಂಗ್ಲೆಂಡಿನ 1984ರ ಶಾಸನವೊಂದರ ಪ್ರಕಾರ, ಗಣಕದಿಂದ ಬಂದ ದಾಖಲೆಯನ್ನು ಸಾಕ್ಷ್ಯವಾಗಿ ಮಂಡಿಸುವವರು ಆ ಗಣಕವು ಸರಿಯಾಗಿ ಕೆಲಸ ಮಾಡುತ್ತಿತ್ತೆಂಬುದನ್ನು ತೋರಿಸಬೇಕಿತ್ತು. ಇದು ವೃಥಾ ಕಿರಿಕಿರಿಯೆಂದು 1999ರ ಶಾಸನದಿಂದ ಆ ನಿಬಂಧನೆಯನ್ನು ತೆಗೆದುಹಾಕಿದರು. ಬೇರೆ ರೀತಿ ತೋರಿಬರದ ಹೊರತು ಗಣಕವು ಸರಿಯಾಗಿಯೇ ಇತ್ತೆಂದು ಭಾವಿಸುವ ರೂಢಿ ಉಳಿಯಿತು. ಹೊರೈಜನ್ ಬಂದದ್ದೂ ಅದೇ ವರ್ಷ. ಹಳ್ಳಿಯ ಅಂಚೆಪಾಲಕನು, ತನ್ನ ಕೈಗೆ ಎಂದೂ ಸಿಗದ ತಂತ್ರಾಂಶದೊಳಗೆ ದೋಷವಿದೆಯೆಂದು ತಾನೇ ತೋರಿಸಿಕೊಡಬೇಕಾದ ಸ್ಥಿತಿ ಒದಗಿತು. ವೇಲ್ಸ್ ಪ್ರಾಂತದ ಲ್ಯಾಂಡಡ್ನೊದಲ್ಲಿ ಅಂಚೆಪಾಲಕರಾಗಿದ್ದ ಅಲನ್ ಬೇಟ್ಸ್ ಎಂಬವರು ಲೆಕ್ಕವನ್ನು ಒಪ್ಪದೆ ಪ್ರಶ್ನಿಸುತ್ತಲೇ ಹೋದರು. 2003ರಲ್ಲಿ ಅವರ ಗುತ್ತಿಗೆಯನ್ನು ಕೊನೆಗೊಳಿಸಲಾಯಿತು. ಅವರ ಮುಂದಾಳುತನದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ತೀರ್ಪು ಬಂದಾಗ, ವ್ಯವಸ್ಥೆಯಲ್ಲಿ ದೋಷಗಳೇ ಇರಲಿಲ್ಲವೆಂಬ ಅಂಚೆ ಸಂಸ್ಥೆಯ ನಿಲುವನ್ನು ನ್ಯಾಯಾಧೀಶರು ಭೂಮಿ ಚಪ್ಪಟೆಯಾಗಿದೆಯೆಂದು ಈ ಶತಮಾನದಲ್ಲಿ ವಾದಿಸುವುದಕ್ಕೆ ಹೋಲಿಸಿದರು. 2024ರಲ್ಲಿ ಬ್ರಿಟಿಷ್ ಸಂಸತ್ತು ವಿಶೇಷ ಕಾಯಿದೆಯ ಮೂಲಕ ನೂರಾರು ಶಿಕ್ಷೆಗಳನ್ನು ಒಮ್ಮೆಗೇ ರದ್ದುಗೊಳಿಸಿತು. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಭಾರತದ ಕಾನೂನು ಈ ವಿಷಯದಲ್ಲಿ ಬೇರೊಂದು ದಾರಿ ಹಿಡಿದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ ಸೇರಿಸಲಾದ 65-ಬಿ ಕಲಮು ಗಣಕದ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅದನ್ನು ಮುಂದುವರಿಸಿ, ದಾಖಲೆ ಕೊಡುವವರ ಹೇಳಿಕೆಯೊಡನೆ ತಜ್ಞರ ಹೇಳಿಕೆಯನ್ನೂ ಸೇರಿಸಿದೆ. ಯಾರಾದರೊಬ್ಬ ಮನುಷ್ಯನು ಸಹಿ ಹಾಕಿ ಹೊಣೆ ಹೊರಬೇಕೆಂಬ ಈ ತತ್ತ್ವವು ಉಚಿತವಾದುದು. ಆದರೆ ಸಹಿಯು ಬರೀ ರಿವಾಜಾಗಿ, ನಮೂನೆಯನ್ನು ಓದದೆಯೇ ಹಾಕುವಂತಾದರೆ ಕಾಗದ ಹೆಚ್ಚಾಗುವುದಲ್ಲದೆ ಬೇರೇನೂ ಆಗದು.

ಬ್ರಿಟನ್ನಿನಲ್ಲಿ ಹೋದದ್ದು ಹಣ ಮತ್ತು ಮಾನ. ಕೆನಡಾದಲ್ಲಿ ತಯಾರಾದ ‘ಥೆರಾಕ್-25’ ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ವಿಷಯದಲ್ಲಿ ನೇರವಾಗಿ ಪ್ರಾಣವೇ ಹೋಯಿತು. 1985ರಿಂದ 1987ರ ಅವಧಿಯಲ್ಲಿ ಆ ಯಂತ್ರವು ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳಿಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ವಿಕಿರಣವನ್ನು ಹಾಯಿಸಿತು. ಕನಿಷ್ಠ ಮೂವರು ತೀರಿಕೊಂಡರು. ಇದಕ್ಕೆ ಹಿಂದಿನ ಮಾದರಿಯಲ್ಲಿ ಅಪಾಯವನ್ನು ತಡೆಯಲು ವಿದ್ಯುತ್ತಿನ ಮತ್ತು ಯಂತ್ರದ ಬಂಧಕಗಳಿದ್ದವು. ಹೊಸ ಮಾದರಿಯಲ್ಲಿ ಅವುಗಳನ್ನು ಕೈಬಿಟ್ಟು, ಆ ಕೆಲಸವನ್ನು ತಂತ್ರಾಂಶಕ್ಕೇ ಒಪ್ಪಿಸಿದರು. ಟೆಕ್ಸಾಸಿನ ಟೈಲರ್ ಊರಿನಲ್ಲಿ 1986ರಲ್ಲಿ ನಡೆದದ್ದು ಹೀಗೆ: ಯಂತ್ರ ನಡೆಸುವ ಹೆಣ್ಣುಮಗಳು ಚಿಕಿತ್ಸೆಯ ಬಗೆಯನ್ನು ಸೂಚಿಸುವ ಅಕ್ಷರವನ್ನು ತಪ್ಪಾಗಿ ಒತ್ತಿ, ಕೂಡಲೇ ತಿದ್ದಿ, ಮುಂದುವರಿದಳು. ಆಕೆಯ ಕೈ ಪಳಗಿದ್ದುದರಿಂದ ತಿದ್ದುಪಡಿಯು ಎಂಟು ಸೆಕೆಂಡಿನೊಳಗೆ ಮುಗಿಯಿತು. ಒಳಗಿನ ಆಯಸ್ಕಾಂತಗಳು ಸರಿಗೊಳ್ಳಲು ಬೇಕಾಗಿದ್ದ ಆ ಎಂಟು ಸೆಕೆಂಡಿನಲ್ಲಿ ಮಾಡಿದ ತಿದ್ದುಪಡಿಯನ್ನು ತಂತ್ರಾಂಶವು ಗಮನಿಸದಂತೆ ಬರೆಯಲ್ಪಟ್ಟಿತ್ತು. ಪರದೆಯ ಮೇಲೆ ತಿದ್ದಿದ ಅಕ್ಷರ ಕಾಣುತ್ತಿತ್ತು, ಒಳಗೆ ಹಳೆಯ ಆಜ್ಞೆ ನಡೆಯುತ್ತಿತ್ತು. ನಿಧಾನವಾಗಿ ಟೈಪು ಮಾಡುವವರ ಕೈಯಲ್ಲಿ ಯಂತ್ರವು ಸರಿಯಾಗಿರುತ್ತಿತ್ತು, ಕೆಲಸ ಕಲಿತವರ ಕೈಯಲ್ಲಿ ಕೊಲ್ಲುತ್ತಿತ್ತು.

ಇಂತಹ ಅಧಿಕ ವಿಕಿರಣವು ಅಸಾಧ್ಯವೆಂದು ಕಂಪನಿಯು ಹೇಳಿತ್ತು. ಟೈಲರಿನ ಆಸ್ಪತ್ರೆಯ ಭೌತವಿಜ್ಞಾನಿಯು ಅದನ್ನು ಒಪ್ಪದೆ, ಅದೇ ಹೆಣ್ಣುಮಗಳನ್ನು ಯಂತ್ರದ ಮುಂದೆ ಕೂರಿಸಿಕೊಂಡು, ನಡೆದದ್ದನ್ನು ಮತ್ತೆ ಮತ್ತೆ ನಡೆಸಿ ನೋಡಿ, ಕೊನೆಗೆ ದೋಷವು ತಾನಾಗಿ ಹೊರಬೀಳುವಂತೆ ಮಾಡಿದನು. ಅನಂತರ ಗೊತ್ತಾದ ಇನ್ನೊಂದು ಸಂಗತಿ ವಿಚಿತ್ರವಾದುದು: ಅದೇ ದೋಷವು ಹಿಂದಿನ ಮಾದರಿಯ ತಂತ್ರಾಂಶದಲ್ಲಿಯೂ ಇತ್ತು. ಅಲ್ಲಿ ಬಂಧಕಗಳಿದ್ದುದರಿಂದ ಫ್ಯೂಸು ಸುಟ್ಟುಹೋಗುತ್ತಿತ್ತೇ ಹೊರತು ರೋಗಿಗೆ ಏನೂ ಆಗುತ್ತಿರಲಿಲ್ಲ. ವರ್ಷಗಟ್ಟಲೆ ತೊಂದರೆ ಕೊಡದ ತಂತ್ರಾಂಶವೆಂಬ ಹೆಗ್ಗಳಿಕೆಯು ವಾಸ್ತವವಾಗಿ ಆ ಫ್ಯೂಸಿಗೆ ಸಲ್ಲಬೇಕಾಗಿತ್ತು.

ಇಷ್ಟನ್ನು ಕೇಳಿ ಗಣಕಯಂತ್ರವೇ ಬೇಡವೆನ್ನುವವರಿದ್ದಾರೆ. ಅದು ಅವಿವೇಕ. ಕರ್ನಾಟಕ ಸರ್ಕಾರವು 2000ದ ಸುಮಾರಿಗೆ ಕೈಗೊಂಡ ‘ಭೂಮಿ’ ಯೋಜನೆಯು ಈ ಮಾತಿಗೆ ಸಮೀಪದ ಉತ್ತರ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದವು. ಅದಕ್ಕೆ ಮೊದಲು ಉತಾರ ಪಡೆಯಲು ಗ್ರಾಮ ಲೆಕ್ಕಿಗನನ್ನು ಹುಡುಕಿಕೊಂಡು ಅಲೆದು, ಅವನು ಸಿಕ್ಕ ದಿನ ಅವನ ಕೈ ಬೆಚ್ಚಗೆ ಮಾಡಬೇಕಾಗಿದ್ದ ರೈತನು, ಆ ಬಳಿಕ ತಾಲೂಕಿನ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಿನ ಪ್ರತಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಬರೆದಿಟ್ಟಿದ್ದರು. ದೊಡ್ಡವರ ಅರ್ಜಿಯನ್ನು ಕಡತದ ತಳದಿಂದ ಮೇಲಕ್ಕೆಳೆಯುವ ಹಳೆಯ ಕೈಚಳಕಕ್ಕೆ ಇದರಿಂದ ಅಡ್ಡಿಯಾಯಿತು. ಬಡವನಿಗೆ ಯಂತ್ರವು ಮಾಡಬಲ್ಲ ಉಪಕಾರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಹುಡುಕುವುದು ಕಷ್ಟ.

ಆದರೆ ಗಣಕಕ್ಕೆ ಏರಿದ್ದು ಹಳೆಯ ಕೈಬರಹದ ಪಹಣಿಗಳೇ. ಕೈಬರಹದಲ್ಲಿದ್ದ ತಪ್ಪುಗಳೂ, ಅವುಗಳನ್ನು ನೋಡಿ ಟೈಪು ಮಾಡಿದವರ ಹೊಸ ತಪ್ಪುಗಳೂ ಜೊತೆಗೇ ಏರಿದವು. ಬಸಪ್ಪನು ಬಸವಪ್ಪನಾದನು, ಗುಂಟೆಗಳು ಹಿಗ್ಗಿದವು, ಕುಗ್ಗಿದವು. ಕೈಬರಹದ ಕಾಲದಲ್ಲಿ ಕಂಡೂ ಕಾಣದಂತಿದ್ದ ದೋಷವು ಈಗ ಸ್ಫುಟವಾದ ಅಕ್ಷರದಲ್ಲಿ ನಿಂತು, ಬೆಳೆಸಾಲಕ್ಕೂ ಪರಿಹಾರಕ್ಕೂ ತಡೆಯಾಯಿತು. ತಿದ್ದುಪಡಿಗೆ ಅರ್ಜಿ ಹಿಡಿದು ತಹಶೀಲ್ದಾರರ ಕಚೇರಿಗೆ ಎಡತಾಕಿದ ರೈತನಿಗೆ ಬೇಕಾಗಿದ್ದದ್ದು, ಇದು ತಪ್ಪಿರಬಹುದು, ಮೂಲ ಕಡತವನ್ನು ತೆಗೆದು ನೋಡೋಣ ಎಂದು ಹೇಳುವ ಒಬ್ಬ ಮನುಷ್ಯ.

ತಂತ್ರಾಂಶ ಉದ್ಯೋಗದ ಬಗೆಗೂ ಜನಸಾಮಾನ್ಯರಲ್ಲಿ ಇಂತಹದೇ ಒಂದು ಅಭಿಪ್ರಾಯವಿದೆ. ಮಗ ಸಾಫ್ಟ್‌ವೇರಿನಲ್ಲಿದ್ದಾನೆಂದರೆ ತಣ್ಣನೆಯ ಕೋಣೆಯಲ್ಲಿ ಕುಳಿತು ಗುಂಡಿಯೊತ್ತುತ್ತಾನೆ, ತಿಂಗಳ ಕೊನೆಗೆ ದೊಡ್ಡ ಪಗಾರ ಎಣಿಸುತ್ತಾನೆ ಎಂಬುದು ಹಳ್ಳಿಯ ಕಟ್ಟೆಯ ಮೇಲಿನ ಕಲ್ಪನೆ. ಕನ್ಯೆ ನೋಡುವಲ್ಲಿಯೂ ಆ ಒಂದು ಶಬ್ದವೇ ಸಾಕಾಗಿದ್ದ ಕಾಲವೊಂದಿತ್ತು. ಹೊಸದನ್ನು ಸೃಷ್ಟಿಸುವುದೇ ಅವನ ಕೆಲಸವೆಂದು ತಿಳಿದವರೂ ಇದ್ದಾರೆ. ದಿಟವಾಗಿ ಅವನ ದಿನದ ಬಹುಪಾಲು ಬೇರೆಯವರು ಎಂದೋ ಬರೆದಿಟ್ಟ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವುದರಲ್ಲಿ, ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಏನು ಕೆಡುತ್ತದೆಂದು ಪರೀಕ್ಷಿಸುವುದರಲ್ಲಿ ಕಳೆಯುತ್ತದೆ. ಹಳೆಯ ಮನೆಯ ತೊಲೆಯನ್ನು ಬದಲಿಸುವ ಬಡಿಗನ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಹೊಸ ಮನೆ ಕಟ್ಟಿದವನ ಹೆಸರು ಉಳಿಯುತ್ತದೆ. ಮಾಳಿಗೆ ಕುಸಿಯದಂತೆ ಕಾಯ್ದವನ ಹೆಸರನ್ನು ಯಾರೂ ಕೇಳುವುದಿಲ್ಲ.

2000ದ ಇಸವಿಯ ಸಮಸ್ಯೆಯ ಕಥೆ ಹಾಗೆಯೇ ಆಯಿತು. ಗಣಕದ ಸ್ಮೃತಿಕೋಶವು ದುಬಾರಿಯಾಗಿದ್ದ ಕಾಲದಲ್ಲಿ, 80 ಅಂಕಣಗಳ ರಂಧ್ರಪತ್ರಗಳಲ್ಲಿ ಎರಡು ಅಂಕಣ ಉಳಿಸಿದರೂ ಲಾಭವಿದ್ದ ದಿನಗಳಲ್ಲಿ, ಇಸವಿಯ ಮೊದಲೆರಡು ಅಂಕಿಗಳನ್ನು ಬಿಟ್ಟು 1965ನ್ನು 65 ಎಂದು ಬರೆಯುವ ಪದ್ಧತಿ ಬೆಳೆಯಿತು. ಅಂದಿಗೆ ಅದು ಮಿತವ್ಯಯವೇ ಹೊರತು ಮೂರ್ಖತನವಲ್ಲ. ಆ ಬರಹವು ಶತಮಾನದ ಕೊನೆಯವರೆಗೂ ಬಾಳುತ್ತದೆಂದು ಬರೆದವರು ಎಣಿಸಿರಲಿಲ್ಲ. 2000ವು 00 ಆದಾಗ ಯಂತ್ರವು ಅದನ್ನು 1900 ಎಂದು ತಿಳಿದರೆ ಬಡ್ಡಿ, ವಯಸ್ಸು, ವಿಮೆ, ಪಿಂಚಣಿಗಳೆಲ್ಲ ತಲೆಕೆಳಗಾಗುವ ಭಯವಿತ್ತು. ಜಗತ್ತಿನಾದ್ಯಂತ ಕೋಟ್ಯಂತರ ಸಾಲುಗಳನ್ನು ಓದಿ ತಿದ್ದಬೇಕಾಗಿ ಬಂದಾಗ ಆ ಕೆಲಸದ ಒಂದು ದೊಡ್ಡ ಪಾಲು ಭಾರತಕ್ಕೆ ಬಂದಿತು. ಬೆಂಗಳೂರು, ಹೈದರಾಬಾದು, ಚೆನ್ನೈಗಳ ತರುಣ ತರುಣಿಯರು, ತಾವು ಹುಟ್ಟುವ ಮೊದಲು ಅಮೆರಿಕದಲ್ಲಿ ಯಾರೋ ಕೋಬಾಲ್ ಭಾಷೆಯಲ್ಲಿ ಬರೆದಿಟ್ಟ ಸಾಲುಗಳ ನಡುವೆ ತಾರೀಖುಗಳನ್ನು ಹುಡುಕುತ್ತ ರಾತ್ರಿಗಳನ್ನು ಕಳೆದರು. 2000ದ ಜನವರಿ 1ರಂದು ಬೆಳಗಾದಾಗ ಗಮನಿಸಬೇಕಾದಂತಹ ಅನಾಹುತ ನಡೆಯಲಿಲ್ಲ. ಕೂಡಲೇ ಲೋಕವು, ಇದೆಲ್ಲ ಕಂಪನಿಗಳು ಹಣ ಮಾಡಲು ಎಬ್ಬಿಸಿದ ಗುಲ್ಲು ಎಂದಿತು. ಬೇಲಿ ಹಾಕಿದ ಹೊಲಕ್ಕೆ ದನ ನುಗ್ಗದಿದ್ದರೆ ಬೇಲಿ ವ್ಯರ್ಥವಾಯಿತೆಂದು ಮರುಗುವ ರೈತನು ಎಲ್ಲಿಯೂ ಸಿಗಲಾರನು; ತಂತ್ರಾಂಶದ ವಿಷಯದಲ್ಲಿ ಮಾತ್ರ ಅಂತಹ ಮಾತನ್ನು ತಿಳಿದವರೂ ಆಡುತ್ತಾರೆ.

ವಿಜ್ಞಾನವು ಸಿದ್ಧಮಾಡಿದೆ ಎಂದೊಡನೆ ತಲೆಬಾಗುವುದು ವಿಜ್ಞಾನಕ್ಕೆ ಸಲ್ಲಿಸುವ ಗೌರವವಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿ, ಪ್ರಶ್ನೆ ಕೇಳುವ ಸ್ವಭಾವವನ್ನು ನಾಡಿನ ತರುಣರಲ್ಲಿ ಬೆಳೆಸಲು ಶ್ರಮಿಸಿದರು. ಅಂದು ಪ್ರಶ್ನೆಗೆ ಗುರಿಯಾದದ್ದು ಗಾಳಿಯಿಂದ ವಸ್ತು ತೆಗೆಯುವ ಚಮತ್ಕಾರ. ಇಂದಿನ ಚಮತ್ಕಾರಗಳು ಪರದೆಯ ಮೇಲೆ ನಡೆಯುತ್ತವೆ. ಕೃತಕ ಬುದ್ಧಿಮತ್ತೆಯೆಂಬ ಹೆಸರಿನಲ್ಲಿ ಬಂದಿರುವ ತಂತ್ರಾಂಶಗಳು ಅಪಾರವಾದ ಬರಹಗಳಿಂದ ಕಲಿತು, ಕೇಳಿದ ಪ್ರಶ್ನೆಗೆ ನಯವಾದ ಭಾಷೆಯಲ್ಲಿ ಉತ್ತರ ಹೆಣೆಯುತ್ತವೆ. ಸರಿಯುತ್ತರದ ನಯವೂ ತಪ್ಪುತ್ತರದ ನಯವೂ ಒಂದೇ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಇಂತಹ ತಂತ್ರಾಂಶವು ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನ್ಯಾಯಾಧೀಶರು ದಂಡ ವಿಧಿಸಿದ್ದು ಯಂತ್ರಕ್ಕಲ್ಲ, ಸಹಿ ಹಾಕಿದವರಿಗೆ. ಬ್ರಿಟನ್ನಿನ ಅಂಚೆಪಾಲಕರ ಪ್ರಕರಣದಲ್ಲಿಯೂ ಇಷ್ಟು ಸರಳವಾದ ನ್ಯಾಯವು ಮೊದಲ ದಿನವೇ ದೊರೆತಿದ್ದರೆ ಆಗಬಹುದಿತ್ತು.

ಹೊಸ ಬಗೆಯ ಈ ತಂತ್ರಾಂಶಗಳು ಬಂದಿವೆಯೆಂದು ಹಳೆಯ ಬರಹಗಳು ಮರೆಯಾಗಿಲ್ಲ. ಯೂನಿಕ್ಸ್ ಎಂಬ ಪದ್ಧತಿಯನ್ನು ಅನುಸರಿಸುವ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯಾಗಿ ಎಣಿಸುತ್ತವೆ. ಆ ಸಂಖ್ಯೆಯನ್ನು 32 ದ್ವಿಮಾನ ಅಂಕಿಗಳ ಜಾಗದಲ್ಲಿ ಬರೆದಿಡುವ ತಂತ್ರಾಂಶಗಳಲ್ಲಿ ಆ ಜಾಗವು 2038ರ ಜನವರಿ 19ರ ಮಂಗಳವಾರ, ಭಾರತೀಯ ಕಾಲಮಾನದ ಪ್ರಕಾರ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಮರು ಸೆಕೆಂಡಿನಲ್ಲಿ ಆ ಗಣಕಗಳು 1901ರ ಡಿಸೆಂಬರಿಗೆ ಹಿಂದಿರುಗುತ್ತವೆ. ಹೊಸ ಗಣಕಗಳಲ್ಲಿ 64 ಅಂಕಿಗಳ ಜಾಗ ಮಾಡಿ ಇದನ್ನು ಸರಿಪಡಿಸಲಾಗಿದೆ. ಕಾರ್ಖಾನೆಗಳ, ಸಾಧನಗಳ ಒಳಗೆ ಹುದುಗಿರುವ ಹಳೆಯ ಗಣಕಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಗುತ್ತದೆ. ಇಂದು ಏಳನೆಯ ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗೆ ಆ ದಿನ ಇಪ್ಪತ್ತೈದರ ಆಸುಪಾಸಿನ ವಯಸ್ಸಾಗಿರುತ್ತದೆ.